ನಲವತ್ತೊಂದು ಕ್ಯಾಸೆಟ್ಟುಗಳ ಯಜಮಾನರು

ಅವರು ತೀರಿಕೊಂಡದ್ದು 2023ನೆಯ ಇಸವಿ ನವೆಂಬರ್ 9, ಗುರುವಾರ, ಮಧ್ಯಾಹ್ನ. ಆಧಾರ: ಆಸ್ಪತ್ರೆ ಕೊಟ್ಟ ಮರಣಪತ್ರ, ಅದರ ಚಿತ್ರವನ್ನು ಅವರ ಮಗಳು ನನ್ನ ಫೋನಿಗೆ ಕಳಿಸಿದ್ದಾಳೆ. ಅಬುಧಾಬಿಯ ನಮ್ಮ ಕನ್ನಡಿಗರ ವಾಟ್ಸ್ಆಪ್ ಬಳಗದಲ್ಲಿ ಹರಿದಾಡಿದ ಶ್ರದ್ಧಾಂಜಲಿಯಲ್ಲಿ ಹತ್ತನೆಯ ತಾರೀಖು ಎಂದಿದೆ. ಅದು ತಪ್ಪು. ಅದೇ ಶ್ರದ್ಧಾಂಜಲಿಯಲ್ಲಿ ಅವರನ್ನು ಫ್ರೆಂಚ್ ಭಾಷೆಯ ಮಹಾವಿದ್ವಾಂಸರೆಂದೂ ಕೊಲ್ಲಿನಾಡಿನ ಬಹುಭಾಷಾ ಬದುಕನ್ನು ಕನ್ನಡಕ್ಕೆ ತಂದ ಮೊದಲಿಗರೆಂದೂ ಕರೆದಿದ್ದಾರೆ. ತಾರೀಖಿನ ತಪ್ಪನ್ನು ತಿದ್ದಲು ನನಗೆ ಒಂದು ಸಾಲು ಸಾಕಾಯಿತು. ಉಳಿದೆರಡನ್ನು ತಿದ್ದಲು ಈ ಬರಹ.

ಇದನ್ನು ನಾನಾಗಿ ಬರೆಯಲು ಕೂತದ್ದಲ್ಲ. ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವರು ಒಂಬತ್ತನೆಯ ಮಹಡಿಯಲ್ಲಿ, ನಾನು ಆರನೆಯ ಮಹಡಿಯಲ್ಲಿ ಬಹುಕಾಲ ಬದುಕಿದವರು. ದುಬೈಯಲ್ಲಿ ಕೆಲಸದಲ್ಲಿರುವ ಅವರ ಮಗಳು ತಂದೆ ಹೋದ ಎರಡು ತಿಂಗಳ ಮೇಲೆ ನಮ್ಮ ಮನೆಗೆ ಬಂದು, ಕೊಟ್ಟ ಚಹಾವನ್ನು ಮುಟ್ಟದೆ ಹೇಳಿದಳು:

"ಅಂಕಲ್, ಪಪ್ಪನ ಬುಕ್ ರೀಪ್ರಿಂಟ್ ಮಾಡಿಸ್ತಾ ಇದ್ದೇನೆ. ಮುಂದೆ ಹಾಕ್ಲಿಕ್ಕೆ ಪಪ್ಪನ ಮೇಲೆ ಒಂದು ಬರಹ ಬೇಕು. ನೀವೇ ಬರೀಬೇಕು."

"ನಾನೇ ಯಾಕಮ್ಮ? ಹೊಗಳುವವರು ಬೇಕಾದಷ್ಟು ಜನ ಇದ್ದಾರಲ್ಲ."

"ಹೊಗಳುವವರು ಬೇಡ ಅಂತಲೇ ಬಂದದ್ದು. ನಿಮ್ಮಿಬ್ಬರ ಮಧ್ಯೆ ಎಂತದೋ ಉಂಟು ಅಂತ ಸಣ್ಣದಿರುವಾಗಿಂದ ನೋಡಿದ್ದೇನೆ. ಲಿಫ್ಟಲ್ಲಿ ಪಪ್ಪ ನಮಸ್ಕಾರ ಹೇಳಿದ್ರೆ ನೀವು ಮೇಲೆ ನಂಬರ್ ನೋಡ್ತಾ ನಿಲ್ತಿದ್ರಿ."

ಹದಿನೇಳು ವರ್ಷಗಳಿಂದ ಯಾರಿಗೂ ಹೇಳದಿದ್ದುದನ್ನು ಆಗ ಅವಳಿಗೆ ಹೇಳಿದೆ. ಆ ಪುಸ್ತಕ ಅವರದಲ್ಲ, ನನ್ನದು. ಅದರಲ್ಲಿ ಮಾತನಾಡುವ ನಲವತ್ತೊಂದು ಜನರನ್ನು ಹುಡುಕಿದವನು, ಅವರ ಮುಂದೆ ಕೂತು ಧ್ವನಿ ಮುದ್ರಿಸಿಕೊಂಡವನು, ಕನ್ನಡಕ್ಕೆ ತಂದವನು ನಾನು. ಮುಖಪುಟದ ಮೇಲೆ ಮಾತ್ರ ಅವರ ಹೆಸರು.

ಅವಳು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಪ್ರೂಫ್ ತೋರಿಸಿ ಅಂತ ನಾನು ಕೇಳುದಿಲ್ಲ ಅಂಕಲ್. ನಡೆದದ್ದನ್ನು ಬರ್ದು ಕೊಡಿ. ಯಾರ ಹೆಸರು ಹಾಕ್ಬೇಕು ಅಂತ ನೀವು ಹೇಳ್ತೀರೋ ಆ ಹೆಸರೇ ಕವರ್ ಮೇಲೆ," ಎಂದು ಎದ್ದಳು.

ಬಾಗಿಲು ಹಾಕಿಕೊಂಡು ಬಂದ ನನ್ನ ಹೆಂಡತಿ, "ಸತ್ತವರ ಹತ್ರ ಎಂತ ಜಗಳ ಮಾರಾಯ್ರೇ ನಿಮ್ಗೆ?" ಎಂದಳು. ಬದುಕಿದ್ದಾಗ ಜಗಳಕ್ಕೆ ಅವರು ಬರಲೇ ಇಲ್ಲ ಎಂಬುದೇ ನನ್ನ ದೂರು ಎಂದು ಅವಳಿಗೆ ಹೇಗೆ ವಿವರಿಸಲಿ?

ಇನ್ನು ಅವರ ವಿಚಾರ. ಉಡುಪಿಯ ಕಡೆಯವರು, ಮನೆಮಾತು ತುಳು. ಒಂದು ಖಾಸಗಿ ದಾಖಲೆ ಸಂಸ್ಥೆಯಲ್ಲಿ ನನ್ನ ವಿಭಾಗದ ಮುಖ್ಯಸ್ಥರಾಗಿದ್ದರು. ನಾನು ಅವರ ಕೈಕೆಳಗಿನ ಸಂಶೋಧಕ. ಊರಿನಲ್ಲಿ ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೆನೆಂಬ ಕಾರಣಕ್ಕೆ ನನ್ನನ್ನು ಕೊನೆಯವರೆಗೂ 'ಮಾಸ್ಟ್ರೇ' ಎಂದು ಕರೆದರು. ಅಬುಧಾಬಿಗೆ ಬರುವ ಮೊದಲು ಆಫ್ರಿಕಾದಲ್ಲಿ, ಫ್ರೆಂಚ್ ನಡೆಯುವ ಜಿಬೂತಿಯ ಬಂದರಿನಲ್ಲಿ ಹಡಗಿನ ಸರಕು ಬರೆದುಕೊಳ್ಳುವ ಗುಮಾಸ್ತರಾಗಿದ್ದರು. ಅವರ ಫ್ರೆಂಚ್ ಹುಟ್ಟಿದ್ದು ಅಲ್ಲಿ, ಹಮಾಲಿಗಳ ಮತ್ತು ಸುಂಕದವರ ಬೈಗುಳಗಳ ನಡುವೆ. ಅದರಲ್ಲಿ ಅವಮಾನವೇನೂ ಇಲ್ಲ. ಅವರು ಮಾತ್ರ ಅದನ್ನು ಪ್ಯಾರಿಸಿನಲ್ಲಿ ಹುಟ್ಟಿದ್ದೆಂದು ಸಾಧಿಸುತ್ತಿದ್ದರು. ಅವರ ಹಳೆಯ ಪಾಸ್‌ಪೋರ್ಟುಗಳನ್ನು, ವೀಸಾ ನವೀಕರಣದ ಪತ್ರಗಳನ್ನು ಜೋಡಿಸುವ ನೆಪದಲ್ಲಿ, ಒಮ್ಮೆ ಪುಟಪುಟ ತಿರುವಿ ನೋಡಿದ್ದೇನೆ. ಫ್ರಾನ್ಸ್ ದೇಶದ ಒಂದು ಮುದ್ರೆಯೂ ಇಲ್ಲ. ಪ್ಯಾರಿಸ್ ಎಂದು ಅವರು ಹೇಳುತ್ತಿದ್ದುದು ವಿಮಾನ ಬದಲಿಸಲು ಕಾದು ಕೂತ ಆರು ಗಂಟೆಗಳನ್ನು.

ಅಬುಧಾಬಿಯ ಜುಲೈ ತಿಂಗಳಲ್ಲಿ ಕೊರಳಿಗೆ ರೇಷ್ಮೆಯ ಸ್ಕಾರ್ಫ್ ಸುತ್ತಿಕೊಂಡು ನಡೆಯುತ್ತಿದ್ದ ಇನ್ನೊಬ್ಬ ತುಳುವರನ್ನು ನಾನು ಕಂಡಿಲ್ಲ. ಕೆಳಗಿನ ಕೆಫೆಟೇರಿಯಾದಲ್ಲಿ ಚಹಾವನ್ನು ಫ್ರೆಂಚಿನಲ್ಲಿ, ಮೂರು ಸಾಲಿನ ವಿನಯದೊಡನೆ ಕೇಳುತ್ತಿದ್ದರು. ಗಲ್ಲಾದ ಹಿಂದಿದ್ದ ಫಿಲಿಪ್ಪೀನಿ ಹುಡುಗಿ ಪೂರ್ತಿ ಕೇಳಿಸಿಕೊಂಡು, ಒಳಗೆ ತಿರುಗಿ, "ಒನ್ ಕರಕ್, ಲೆಸ್ ಶುಗರ್!" ಎಂದು ಕೂಗುತ್ತಿದ್ದಳು. ಇವರು ಅರ್ಥವಾಯಿತೆಂಬ ಸಂತೋಷದಲ್ಲಿ ತಲೆದೂಗುತ್ತಿದ್ದರು. ಯಾರಾದರೂ ಎದುರು ವಾದ ಹೂಡಿದರೆ ಕೈಯನ್ನು ಗಾಳಿಯಲ್ಲಿ ಅಡ್ಡ ಎಳೆದು, "ಖಲಾಸ್, ಮುಗೀತು," ಎನ್ನುವುದು ಅವರ ರೂಢಿ. ಫ್ರೆಂಚಿನ ಮಹಾವಿದ್ವಾಂಸರು ವಾದವನ್ನು ಗೆಲ್ಲುತ್ತಿದ್ದುದು ಅರಬ್ಬಿಯಲ್ಲಿ.

ನನ್ನ ಸಂಶೋಧನೆಯ ವಿಷಯವನ್ನು ಮೊದಲು ಅವರ ಮುಂದಿಟ್ಟಾಗ ನಕ್ಕುಬಿಟ್ಟಿದ್ದರು. ದಿನಚರಿಯ ಪ್ರಕಾರ ಅದು 2005ರ ಫೆಬ್ರವರಿ.

"ಇಲ್ಲಿ ಫ್ರೆಂಚರು ಎಲ್ಲಿದ್ದಾರೆ ಮಾಸ್ಟ್ರೇ? ಇರುವ ನಾಲ್ಕು ಜನ ಸಮುದ್ರದ ಹತ್ರ ವಿಲ್ಲಾದಲ್ಲಿದ್ದಾರೆ. ನಿಮ್ಮನ್ನು ಗೇಟಿನೊಳಗೆ ಬಿಡುದಿಲ್ಲ."

"ನನಗೆ ಫ್ರೆಂಚರು ಬೇಡ ಸರ್. ಫ್ರೆಂಚ್ ಆಡುವವರು ಬೇಕು."

ಅವರು ಎಂತದೋ ಒಂದು ತಮಾಷೆ ಕೇಳಿದವರ ಹಾಗೆ ನನ್ನನ್ನು ನೋಡಿದರು. ಆದರೆ ಟೂರಿಸ್ಟ್ ಕ್ಲಬ್ ಏರಿಯಾದ ಯಾವ ಲಿಫ್ಟಿನಲ್ಲಿ ಐದು ನಿಮಿಷ ನಿಂತರೂ ನನ್ನ ಮಾತು ತಿಳಿಯುತ್ತಿತ್ತು. ನಮ್ಮ ಕಟ್ಟಡದ ಕೆಳಗಿನ ಔಷಧದಂಗಡಿಯ ಲೆಬನಾನಿನ ಹೆಂಗಸು ರೋಗದ ಮಾತನ್ನು ಫ್ರೆಂಚಿನಲ್ಲೂ ಬೆಲೆಯ ಮಾತನ್ನು ಅರಬ್ಬಿಯಲ್ಲೂ ಆಡುತ್ತಿದ್ದಳು. ನಾಲ್ಕನೆಯ ಮಹಡಿಯ ಮಾರಿಷಸ್ಸಿನ ದಾದಿಯ ಮುತ್ತಜ್ಜಿ ಬಿಹಾರದಿಂದ ಹಡಗು ಹತ್ತಿದವಳು. ಆಕೆಯ ಮೊಮ್ಮಗಳ ಮಗಳಾದ ಈ ದಾದಿ ಸೋಬಾನೆ ಭೋಜಪುರಿಯಲ್ಲಿ ಹಾಡಿ, ಅದರ ಅರ್ಥವನ್ನು ನನಗೆ ಫ್ರೆಂಚಿನಲ್ಲಿ ಹೇಳಿದಳು. ಒಂದು ದೇಶದ ಭಾಷೆ ಆ ದೇಶವನ್ನೇ ಕಾಣದವರ ಬಾಯಲ್ಲಿ ಹೇಗೆ ಸಂಸಾರ ಹೂಡುತ್ತದೆ ಎಂಬುದನ್ನು ನಾನು ಕಂಡುಕೊಂಡದ್ದು ಗ್ರಂಥಾಲಯದಲ್ಲಲ್ಲ, ಈ ಮೆಟ್ಟಿಲುಗಳಲ್ಲಿ. ಹದಿನಾಲ್ಕು ತಿಂಗಳು, ಕಚೇರಿ ಮುಗಿಸಿ, ಸಂಜೆ ಸಂಜೆ ಹೋಗಿ ಕೂತೆ. ಒಬ್ಬೊಬ್ಬರಿಗೆ ಒಂದೊಂದು ಕ್ಯಾಸೆಟ್.

ಅವರಲ್ಲಿ ಒಬ್ಬನನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಟ್ಟಡದ ಕಾವಲುಗಾರ, ಕ್ಯಾಮರೂನಿನವನು, ಒಂದು ಭದ್ರತಾ ಕಂಪನಿಯ ನೌಕರ. ನಾನು ಅವನನ್ನು ಮಾತನಾಡಿಸುತ್ತಿದ್ದ ಸಂಜೆ ನಮ್ಮ ಮುಖ್ಯಸ್ಥರು ಸ್ಕಾರ್ಫ್ ಸಮೇತ ಬಂದು ಪಕ್ಕದಲ್ಲಿ ನಿಂತರು. ಎರಡು ವಾಕ್ಯ ಕೇಳಿ ಮೂಗು ಮುರಿದರು. ಅವನ ಎದುರಿಗೇ, ಅವನಿಗೂ ತಿಳಿಯಲೆಂದು, ಇಲ್ಲಿ ಎಲ್ಲರೂ ಅಷ್ಟಿಷ್ಟು ಕಲಿಯುವ ಹಿಂದಿಯಲ್ಲಿ, "ಯೆ ಫ್ರೆಂಚ್ ನಹೀ ಹೈ" ಎಂದರು.

ಆ ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ. ಫ್ರೆಂಚಿನಲ್ಲಿ, ನನಗೂ ತಿಳಿಯುವಷ್ಟು ನಿಧಾನವಾಗಿ ಹೇಳಿದ: "ನಮ್ಮ ಶಾಲೆಯಲ್ಲಿ ಮನೆಮಾತು ಆಡಿದರೆ ಕೊರಳಿಗೆ ಹಲಗೆ ಕಟ್ಟಿ ಹೊಡೆಯುತ್ತಿದ್ದರು, ಸಾಹೇಬರೇ. ಈ ಭಾಷೆಗಾಗಿ ನಾನು ಏಳು ವರ್ಷ ಪೆಟ್ಟು ತಿಂದಿದ್ದೇನೆ. ನೀವು ಎಷ್ಟು ತಿಂದಿರಿ?"

ಇಷ್ಟು ಸ್ವಚ್ಛವಾದ ಉತ್ತರವನ್ನು ನನ್ನ ಜೀವಮಾನದಲ್ಲಿ ನಾನು ಕೇಳಿಲ್ಲ. ಮುಖ್ಯಸ್ಥರ ಮುಖದ ಬಣ್ಣವನ್ನು ನೋಡಿ ನನಗಾದ ಹಿಗ್ಗನ್ನು ಮುಚ್ಚಿಡುವುದೂ ಇಲ್ಲ. ಮರುದಿನ ಅವರು ಕೆಫೆಟೇರಿಯಾದಿಂದ ಎರಡು ಲೋಟ ಚಹಾ ತಂದು ಅವನ ಮೇಜಿನ ಮೇಲಿಟ್ಟು, ಒಂದನ್ನು ಅಲ್ಲೇ ನಿಂತು ಕುಡಿದರಂತೆ. ಅದನ್ನು ಕಣ್ಣಾರೆ ಕಂಡ ನನ್ನ ಹೆಂಡತಿ ಇಂದಿಗೂ ದೊಡ್ಡ ವಿಷಯವೆಂಬಂತೆ ಹೇಳುತ್ತಾಳೆ. ಚಹಾ ಕುಡಿಸುವುದು ಕ್ಷಮೆಯಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಕಾವಲುಗಾರನ ಕ್ಯಾಸೆಟ್ಟಿನಲ್ಲಿ ಇನ್ನೊಂದು ಮಾತಿತ್ತು. ಅವನ ಪಾಸ್‌ಪೋರ್ಟನ್ನು ಕಂಪನಿಯವರು ಇಟ್ಟುಕೊಂಡು, ತಂದೆ ಸತ್ತಾಗಲೂ ಊರಿಗೆ ಕಳಿಸಲಿಲ್ಲವೆಂದು ಅವನು ಹೆಸರು ಹಿಡಿದು ಹೇಳಿದ್ದ. 2006ರ ಏಪ್ರಿಲ್ ತಿಂಗಳಲ್ಲಿ ಈ ಸುದ್ದಿ ಹೇಗೋ ಕಂಪನಿಯ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ಅವನ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ಇವನನ್ನು ಮುಸಫ್ಫಾದ ಕಾರ್ಮಿಕರ ವಸತಿಗೆ ಸಾಗಿಸಿದ್ದರು. ಕಂಪನಿಯ ಮ್ಯಾನೇಜರೊಬ್ಬ ನಮ್ಮ ಸಂಸ್ಥೆಗೇ ಬಂದು, ಯಾರು ರೆಕಾರ್ಡ್ ಮಾಡಿದ್ದು, ಯಾರ ಅನುಮತಿಯಿಂದ ಎಂದು ಕೇಳಿ ಹೋದ. ಅನುಮತಿ ಯಾರದೂ ಇರಲಿಲ್ಲ. ನನ್ನ ವೀಸಾ ಸಂಸ್ಥೆಯದು. ಸಂಸ್ಥೆ ಕೈಬಿಟ್ಟರೆ ಹೆಂಡತಿ ಮಕ್ಕಳೊಡನೆ ತಿಂಗಳೊಳಗೆ ವಿಮಾನ ಹತ್ತಬೇಕಿತ್ತು.

ಮುಖ್ಯಸ್ಥರು ನನ್ನ ಮೇಜಿನ ಬಳಿ ಬಂದು, "ಹೆದರ್ಬೇಡಿ ಮಾಸ್ಟ್ರೇ. ಎಂತದೂ ಆಗುದಿಲ್ಲ. ನೀವು ಸುಮ್ನೆ ಕೂತ್ಕೊಳ್ಳಿ," ಎಂದರು. ನಾನು ಹೆದರಿರಲಿಲ್ಲ. ಇದನ್ನು ಸ್ಪಷ್ಟವಾಗಿ ದಾಖಲಿಸಬಯಸುತ್ತೇನೆ.

ಆ ತಿಂಗಳ ನಾಲ್ಕನೆಯ ಶನಿವಾರ, ರಜಾದಿನ, ಕಚೇರಿ ಖಾಲಿಯಿದ್ದ ಹೊತ್ತು ನೋಡಿ ಅವರು ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ನನ್ನ ಕಪಾಟು ತೆರೆದರು. ಭಾನುವಾರ ವಾರದ ಮೊದಲ ಕೆಲಸದ ದಿನ ನಾನು ಬಂದು ನೋಡಿದಾಗ ನಲವತ್ತೊಂದು ಕ್ಯಾಸೆಟ್ಟುಗಳಿಲ್ಲ, ಕನ್ನಡದ ಬರಹದ ಕಡತವೂ ಇಲ್ಲ. ಬರಿದಾದ ಕಪಾಟಿನ ಹಲಗೆಯ ಮೇಲೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು. ಅದನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಅವರ ಕೋಣೆಗೆ ಹೋಗಿ ನಿಂತೆ. ಅವರು ತಲೆಯೆತ್ತಿ, "ಖಲಾಸ್ ಮಾಸ್ಟ್ರೇ. ಇನ್ನು ಆ ವಿಷ್ಯ ಬಿಡಿ," ಎಂದರು. ಬಿಟ್ಟೆ. ಅಂದಿನಿಂದ ಅವರೊಡನೆ ಮಾತನ್ನೂ ಬಿಟ್ಟೆ.

ಪುಸ್ತಕ ಹೊರಬಂದದ್ದು 2008ರ ಫೆಬ್ರವರಿಯಲ್ಲಿ. ಬಿಡುಗಡೆ ಒಂದು ಹೋಟೆಲಿನ ಸಭಾಂಗಣದಲ್ಲಿ. ನಾನು ಮೂರನೆಯ ಸಾಲಿನಲ್ಲಿ ಕೂತು, ನನ್ನ ವಾಕ್ಯಗಳನ್ನು ಅತಿಥಿಗಳು ಅವರದೆಂದು ಓದಿ ಚಪ್ಪಾಳೆ ಗಿಟ್ಟಿಸುವುದನ್ನು ಕೇಳಿದೆ. ಕೃತಜ್ಞತೆಯ ಪುಟದಲ್ಲೂ ನನ್ನ ಹೆಸರಿಲ್ಲ. 'ನೆರೆಮನೆಯವರೊಬ್ಬರಿಗೆ' ಎಂದಷ್ಟೇ ಇದೆ. ಕಾವಲುಗಾರನ ಮಾತು ಮಾತ್ರ ಪಾಸ್‌ಪೋರ್ಟಿನ ವಿಚಾರವೂ ಸೇರಿದಂತೆ ಇದ್ದಹಾಗೆಯೇ ಇತ್ತು.

ಮುಂದಿನದನ್ನು ನಾನು ನ್ಯಾಯವೆಂದು ಬಗೆದೆ. ಪುಸ್ತಕ ಬಂದ ಮೂರನೆಯ ತಿಂಗಳು, ಸಂಸ್ಥೆಯ ಅನುಮತಿಯಿಲ್ಲದೆ ಧ್ವನಿಮುದ್ರಣ ಮಾಡಿದರೆಂಬ ಕಾರಣಕ್ಕೆ ಅವರನ್ನು ಎರಡು ಬಾರಿ ಕರೆಸಿ ವಿಚಾರಿಸಿ, ಅವರ ಕರಾರನ್ನು ನವೀಕರಿಸದೆ ಮನೆಗೆ ಕಳಿಸಿದರು. ಆ ಸಂಜೆ ನಾನು ಹೆಂಡತಿಗೆ ಶ್ಯಾವಿಗೆ ಪಾಯಸ ಮಾಡಲು ಹೇಳಿ ಎರಡು ಬಾರಿ ಹಾಕಿಸಿಕೊಂಡು ಉಂಡೆ. ಯಾವ ಹಬ್ಬವೆಂದು ಮಕ್ಕಳು ಕೇಳಿದರು. ಕದ್ದದ್ದು ದಕ್ಕಲಿಲ್ಲ ಎಂದು ಅವರಿಗೆ ಹೇಳಲಿಲ್ಲ, ಮನಸ್ಸಿನಲ್ಲಿ ಹೇಳಿಕೊಂಡೆ.

ಅವರ ಹೆಂಡತಿ ನರ್ಸ್. ಆಕೆಯ ವೀಸಾದಲ್ಲಿ ಅವರು ಇದೇ ಕಟ್ಟಡದಲ್ಲಿ ಉಳಿದುಕೊಂಡು ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಹೇಳತೊಡಗಿದರು. ಇಲ್ಲಿನ ಭಾರತೀಯ ಶಾಲೆಗಳಲ್ಲಿ ನಮ್ಮ ಮಕ್ಕಳು ಕನ್ನಡ ಬಿಟ್ಟು ಫ್ರೆಂಚ್ ಆರಿಸಿಕೊಳ್ಳುವುದು ಹೊಸದೇನಲ್ಲ. ಮುಖ್ಯಸ್ಥರಾಗಿದ್ದವರನ್ನು ಕಟ್ಟಡದ ಮಕ್ಕಳು 'ಫ್ರೆಂಚ್ ಅಂಕಲ್' ಎಂದು ಕರೆಯತೊಡಗಿದವು. ತೆರೆದ ಬಾಗಿಲಿನಿಂದ ಮೆಟ್ಟಿಲವರೆಗೂ ಪಾಠ ಕೇಳಿಸುತ್ತಿತ್ತು.

"ಅಂಕಲ್, ಮೈ ಟೀಚರ್ ಸೇಸ್ ದಿಸ್ ಈಸ್ ರಾಂಗ್."

"ನಿನ್ನ ಟೀಚರ್ ಪ್ಯಾರಿಸ್ ನೋಡಿದ್ದಾಳಾ?"

"ನೋ. ಶಿ ಈಸ್ ಫ್ರಮ್ ಟುನೀಶಿಯಾ."

"ಹಾಗಾದ್ರೆ ಅವಳು ಹೇಳಿದ್ದೇ ಸರಿ. ಬರ್ಕೋ."

ಈ ಉತ್ತರವನ್ನು ನಾನು ಮೆಟ್ಟಿಲಲ್ಲಿ ನಿಂತು ಕೇಳಿದ್ದೇನೆ. ಇಂಥ ಬುದ್ಧಿ ಆ ಕಾವಲುಗಾರನ ಎದುರಿಗೆ ಯಾಕೆ ಬರಲಿಲ್ಲವೆಂದು ಅಲ್ಲಿಯೇ ಹಲ್ಲು ಕಡಿದೆ.

ಬಾಯಿ ಮುಚ್ಚಿಕೊಂಡಿದ್ದ ನಾನು ಲೇಖನಿಯನ್ನು ಮುಚ್ಚಿರಲಿಲ್ಲ. ಪುಸ್ತಕದ ಪುಟಪುಟವನ್ನೂ ಪರಿಶೀಲಿಸಿ ತಪ್ಪುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ತಾರೀಖಿನ ತಪ್ಪು, ಊರಿನ ತಪ್ಪು, ಅಚ್ಚಿನ ತಪ್ಪು, ಎಲ್ಲ ಸೇರಿ ಅರವತ್ತೆರಡು. ಅವುಗಳಲ್ಲಿ ಕೆಲವು ನನ್ನ ಕಡತದಲ್ಲೇ ಇದ್ದವೆಂದು ನನಗೆ ಗೊತ್ತಿತ್ತು, ಅವನ್ನೂ ಬಿಡಲಿಲ್ಲ. ನಮ್ಮ ಕನ್ನಡಿಗರ ವಾರ್ಷಿಕ ಕೂಟದಲ್ಲಿ, ನೂರು ಜನರ ಎದುರು, ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಒಂದೊಂದನ್ನೂ ಬರೆದುಕೊಂಡರು. ಮುಗಿಸಿದಾಗ ಎದ್ದು ನಿಂತು, "ಇನ್ನೂ ಉಂಟಾ ಮಾಸ್ಟ್ರೇ?" ಎಂದರು. ಸಭೆ ನಕ್ಕಿತು. ಅವರನ್ನು ನೋಡಿ ನಕ್ಕರೋ ನನ್ನನ್ನು ನೋಡಿಯೋ ಎಂದು ಅಂದು ರಾತ್ರಿಯೆಲ್ಲ ಯೋಚಿಸಿದೆ.

ಲಿಫ್ಟಿನ ವಿಚಾರ ಮಗಳು ಹೇಳಿದಂತೆಯೇ. ಬಾಗಿಲು ತೆರೆದಾಗ ಒಳಗಿದ್ದರೆ, ಫ್ರೆಂಚಿನ ನಮಸ್ಕಾರದಲ್ಲಿ, "ಬೊಂಜೂರ್ ಮಾಸ್ಟ್ರೇ, ಆರಾಮಾ?" ಎನ್ನುತ್ತಿದ್ದರು. ನಾನು ಉತ್ತರ ಕೊಡಲಿಲ್ಲ. ಕೊನೆಯ ವರ್ಷ ಊರುಗೋಲು ಬಂತು, ಸ್ಕಾರ್ಫಿನೊಳಗೆ ಕೊರಳು ಸಣ್ಣದಾಯಿತು, ಬೊಂಜೂರ್ ಮಾತ್ರ ತಪ್ಪಲಿಲ್ಲ. ಒಂದು ದಿನ ಆರನೆಯ ಮಹಡಿ ಬಂದು ನಾನು ಹೊರಗೆ ಕಾಲಿಟ್ಟಾಗ ಹಿಂದಿನಿಂದ, "ಆ ಕ್ಯಾಮರೂನಿನವ ಊರಿಗೆ ಮುಟ್ಟಿದನಂತೆ ಮಾಸ್ಟ್ರೇ. ಪಾಸ್‌ಪೋರ್ಟ್ ಸಿಕ್ಕಿತಂತೆ. ಅಲ್ಲಿ ಶಾಲೆಯಲ್ಲಿ ಪಾಠ ಮಾಡ್ತಾನಂತೆ," ಎಂದರು. ನಾನು ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ನಿಜವಾಗಿ ಹೇಳುವುದಾದರೆ ನಾನು ತಿರುಗಲು ತಡಮಾಡಿದೆ.

ಇಷ್ಟು ಬರೆದ ಮೇಲೆ ಒಂದು ತಾರೀಖು ಮಾತ್ರ ಖಚಿತವಾಗಬೇಕಿತ್ತು. ಒಬ್ಬರ ಮೇಲೆ ಕಳವಿನ ಆರೋಪವನ್ನು ಅಚ್ಚಿಗೆ ಕೊಡುವಾಗ ದಿನವನ್ನು ಅಂದಾಜಿನಲ್ಲಿ ಹೇಳಬಾರದು. ನನ್ನ 2006ರ ದಿನಚರಿಯಲ್ಲಿ ಏಪ್ರಿಲ್ 20ರಿಂದ 27ರವರೆಗಿನ ಪುಟಗಳು ಖಾಲಿಯಿವೆ. ಆದ್ದರಿಂದ ಮಗಳಿಗೆ ಫೋನು ಮಾಡಿ, ತಂದೆಯವರ ಕಚೇರಿಯ ಹಳೆಯ ಕಾಗದಗಳೇನಾದರೂ ಉಳಿದಿವೆಯೇ ಎಂದು ಕೇಳಿದೆ. ಅವಳು ಮುಂದಿನ ವಾರ ಒಂದು ರಟ್ಟಿನ ಪೆಟ್ಟಿಗೆಯನ್ನು ತಂದುಕೊಟ್ಟಳು.

"ನಾನು ತೆಗೆದು ನೋಡಿಲ್ಲ ಅಂಕಲ್. ಸುಮ್ನೆ ಅಳು ಬರ್ತದೆ."

ಪೆಟ್ಟಿಗೆಯಲ್ಲಿ ನಮ್ಮ ವಿಭಾಗದ ಆ ವರ್ಷದ ಹಾಜರಿಯ ಛಾಯಾಪ್ರತಿಗಳಿದ್ದವು. ನಾಲ್ಕನೆಯ ಶನಿವಾರವೆಂದರೆ ಏಪ್ರಿಲ್ 22. ಆ ದಿನದ ಸಾಲಿನಲ್ಲಿ 'ರಜೆ' ಎಂದು ಇರಲಿಲ್ಲ. ವಿಭಾಗದ ಏಳೂ ಜನರ ರುಜುಗಳಿದ್ದವು. ಮೂರನೆಯದು ನನ್ನದು, ಬೆಳಿಗ್ಗೆ ಏಳೂವರೆ ಗಂಟೆ. ಹಾಜರಿಯಲ್ಲೇ ದೋಷವಿರಬಹುದೆಂದು ಮೊದಲು ಭಾವಿಸಿದೆ. ಆಮೇಲೆ ಪಂಚಾಂಗವನ್ನೂ ಸರ್ಕಾರಿ ರಜೆಯ ಇತಿಹಾಸವನ್ನೂ ತಾಳೆ ನೋಡಿದೆ. ಈ ದೇಶದಲ್ಲಿ ವಾರದ ರಜೆ ಗುರುವಾರ ಶುಕ್ರವಾರದಿಂದ ಶುಕ್ರವಾರ ಶನಿವಾರಕ್ಕೆ ಬದಲಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ನಮ್ಮ ಸಂಸ್ಥೆ ನಡೆಯುತ್ತಿದ್ದುದು ಸರ್ಕಾರಿ ರಜೆಯಂತೆ. ಏಪ್ರಿಲಿನ ಆ ಶನಿವಾರ ವಾರದ ಮೊದಲ ಕೆಲಸದ ದಿನ. ಕಚೇರಿ ಖಾಲಿಯಿರಲಿಲ್ಲ. ನಾನೂ ಇದ್ದೆ.

ಹಾಜರಿಯ ಹಾಳೆಗಳ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಒಂದು ಕಾಗದವಿತ್ತು. ಅದರ ಪೂರ್ಣಪಾಠ:

"ನಲವತ್ತೊಂದು ಕ್ಯಾಸೆಟ್ಟುಗಳನ್ನೂ ಬರಹದ ಕಡತವನ್ನೂ ಇಂದು, 22-4-2006, ಶನಿವಾರ, ತಮ್ಮ ವಶಕ್ಕೆ ಒಪ್ಪಿಸಿದ್ದೇನೆ. ತಾವು ಇವನ್ನು ಏನು ಮಾಡಿದರೂ ನನ್ನ ಅಭ್ಯಂತರವಿಲ್ಲ. ಎಲ್ಲಿಯೂ, ಯಾವ ಕಾರಣಕ್ಕೂ ನನ್ನ ಹೆಸರು ಬರಕೂಡದು. ನನಗೆ ಸಣ್ಣ ಮಕ್ಕಳಿದ್ದಾರೆ."

ಅದರ ಕೆಳಗೆ ಬೇರೊಂದು ಶಾಯಿಯಲ್ಲಿ, ಅವರ ಓರೆ ಅಕ್ಷರದಲ್ಲಿ: "ಸಿಕ್ಕಿತು. ಹಾಗಾದರೆ ನನ್ನ ಹೆಸರು ಹಾಕುತ್ತೇನೆ. ಕೇಳಿಕೊಂಡು ಬರುವವರಿಗೆ ಒಂದು ಹೆಸರು ಬೇಕಾಗುತ್ತದಲ್ಲ ಮಾಸ್ಟ್ರೇ."

ಮೇಲಿನ ಅಕ್ಷರಗಳನ್ನು ಅದೇ ವರ್ಷದ ನನ್ನ ದಿನಚರಿಯೊಡನೆ ಭೂತಗನ್ನಡಿ ಹಿಡಿದು ಹೋಲಿಸಿದ್ದೇನೆ. ಕೈಬರಹ ನನ್ನದು. ರುಜು ನನ್ನದು. ಬರೆದ ನೆನಪು ನನಗಿಲ್ಲ.

ಮುಖಪುಟ ಇದ್ದಂತೆಯೇ ಇರಲೆಂದು ಇಂದು ಬೆಳಿಗ್ಗೆ ಮಗಳಿಗೆ ತಿಳಿಸಿದೆ. ಯಾಕೆ ಅಂಕಲ್ ಎಂದು ಕೇಳಿದಳು. ಈ ಬರಹದಲ್ಲಿ ಯಾವ ಸಾಲನ್ನೂ ತೆಗೆಯದೆ, ಎದುರು ಪುಟದಲ್ಲಿ ಆ ಕಾಗದವನ್ನು ಅಚ್ಚುಮಾಡಲು ಹೇಳಿದೆ.